ಚಕ್ಕುಲಿ ಮುರಿಯದ ಗಾಡಿ: ಮನೆಯಲ್ಲೇ ಕಟ್ಟಿದ ಸೈಕಲ್ ಟ್ರೇಲರ್ ಒಂದರ ಪ್ರಕರಣ ಅಧ್ಯಯನ

ಹಿನ್ನೆಲೆ

ಮೈಸೂರಿನ ಹಳೇ ಬಡಾವಣೆಯೊಂದರಲ್ಲಿ ಒಬ್ಬರು ಮನೆಯಲ್ಲೇ ಚಕ್ಕುಲಿ, ಕೋಡುಬಳೆ, ನಿಪ್ಪಟ್ಟು, ಚಟ್ನಿಪುಡಿ ಮಾಡಿ ಮಾರುತ್ತಾರೆ. ಗುರುತು ಬೇಡ ಅಂದಿದ್ದಾರೆ. ಇಲ್ಲಿ ಅವರನ್ನು ಲಲಿತಕ್ಕ ಅನ್ನೋಣ. ಬಡಾವಣೆಯ ಹೆಸರು, ಅಂಗಡಿಗಳ ಹೆಸರು, ಗಾಡಿಯ ಬಣ್ಣ ಎಲ್ಲ ಬಿಟ್ಟಿದ್ದೇನೆ. ಅಳತೆಗಳನ್ನು ಮಾತ್ರ ಮುಚ್ಚಿಟ್ಟಿಲ್ಲ. ಇಂಥದ್ದೇ ಗಾಡಿ ಕಟ್ಟಲು ಹೊರಟವರಿಗೆ ಬೇಕಾಗುವುದು ಅವೇ ಅಲ್ವಾ. ಈ ಕೆಲಸದಲ್ಲಿ ನಾನು ಟೇಪು ಹಿಡಿದು ಲೆಕ್ಕ ಬರೆದುಕೊಂಡವನು. ಕಬ್ಬಿಣ ಕತ್ತರಿಸಿದ್ದು ಬೀದಿ ತುದಿಯ ವೆಲ್ಡಿಂಗ್ ಅಂಗಡಿಯವರು, ಪೆಟ್ಟಿಗೆ ಮಾಡಿದ್ದು ಪರಿಚಯದ ಬಡಗಿ.

ಲಲಿತಕ್ಕನಿಗೆ ಸ್ಕೂಟರ್ ಬರುವುದಿಲ್ಲ. ಸೈಕಲ್ ಮಾತ್ರ ಶಾಲೆಗೆ ಹೋಗುವಾಗಿನಿಂದ ರೂಢಿ. 26 ಇಂಚಿನ ಲೇಡೀಸ್ ಸೈಕಲ್, ಸರಳು ಬ್ರೇಕಿನದು. ಒಂದು ಸುತ್ತಿಗೆ 25ರಿಂದ 30 ಕೆಜಿ ಮಾಲು ಅಂಗಡಿಗಳಿಗೆ ಹೋಗಬೇಕು. ಕ್ಯಾರಿಯರ್ ಮೇಲೆ ಎರಡು ಡಬ್ಬ ಕಟ್ಟಿ, ಹ್ಯಾಂಡಲ್ಲಿಗೆ ಎರಡು ಚೀಲ ನೇತು ಹಾಕಿದರೆ ಅಲ್ಲಿಗೆ ಮುಗಿಯಿತು. ಚೀಲ ತೂಗಾಡಿದ ಕಡೆಗೆ ಹ್ಯಾಂಡಲ್ ಎಳೆಯುತ್ತದೆ. ಉಳಿದ ಮಾಲಿಗೆ ಆಟೋ. ಆಟೋ ಬಾಡಿಗೆ ಕಳೆದರೆ ಕೈಗೆ ಉಳಿಯುವುದು ಅಷ್ಟಕ್ಕಷ್ಟೇ.

ಟ್ರೇಲರ್ ಬೇಕು ಅನ್ನುವುದರಲ್ಲಿ ಯಾರಿಗೂ ಅನುಮಾನ ಇರಲಿಲ್ಲ. ರೆಡಿಮೇಡ್ ನೋಡಿದ್ದಾಯಿತು. ಹೊರದೇಶದ್ದು ದುಬಾರಿ. ಅದರ ಕೊಂಡಿ ನಮ್ಮ ನಟ್ಟು ಬಿಗಿಯುವ ಆಕ್ಸಲ್ಲಿಗೆ ನೇರ ಕೂರುವಂತೆಯೂ ಇರಲಿಲ್ಲ. ಮನೆಯಲ್ಲೇ ಕಟ್ಟುವುದು ಅಂತಾಯಿತು. ಆದರೆ ಲಲಿತಕ್ಕನ ಷರತ್ತು ಒಂದಿತ್ತು: "ತಳ್ಳುಗಾಡಿ ಥರ ಇರಬಾರದು. ಅಂಗಡಿ ಮುಂದೆ ನಿಂತಾಗ ಜನ ತಿರುಗಿ ನೋಡಬೇಕು." ಅವರ ಕಣ್ಣಲ್ಲಿದ್ದದ್ದು ಮೈಸೂರಿನ ಶಾ ಪಸಂದ್ ಟಾಂಗಾ ಅನ್ನುವ ಕುದುರೆಗಾಡಿ. ದೊಡ್ಡ ಚಕ್ರ, ಕಮಾನು ಚಾವಣಿ, ಹಿತ್ತಾಳೆ ಪಟ್ಟಿ. ಇದನ್ನು ಬರೀ ಶೋಕಿ ಅಂತ ತಳ್ಳಿಹಾಕುವಂತಿಲ್ಲ. ಬೋರ್ಡಿಗೆ ಜಾಗವಿಲ್ಲದ ವ್ಯಾಪಾರಕ್ಕೆ ಗಾಡಿಯೇ ಬೋರ್ಡು.

ಮೊದಲ ಗಾಡಿ

ಮೊದಲು ಕಟ್ಟಿದ್ದು ಟಾಂಗಾದ ನಕಲು. 26 ಇಂಚಿನ ಎರಡು ಚಕ್ರ. 12 ಮಿ.ಮೀ. ಪ್ಲೈವುಡ್ ಪೆಟ್ಟಿಗೆ, ಅದರ ಮೇಲೆ ಮೊಳದಷ್ಟು ಎತ್ತರದ ಕಮಾನು. ಆಕ್ಸಲ್ ಪೆಟ್ಟಿಗೆಯ ನಡುವಿಗೆ ಸರಿಯಾಗಿ. ಗಾಡಿಯ ಮೂಕಿ, ಅಂದರೆ ಎಳೆಯಲು ಮುಂದಕ್ಕೆ ಚಾಚಿದ ತೋಳು, ಸೈಕಲ್ಲಿನ ಕ್ಯಾರಿಯರಿಗೆ, ಬಾಗಿಲಿಗೆ ಹಾಕುವ ಹಿಂಜಸ್ ಒಂದರಿಂದ ಸಿಕ್ಕಿಸಿದ್ದು. ನಿಂತಾಗ ನೋಡಲು ಚೆನ್ನಾಗಿಯೇ ಇತ್ತು. ಬೀದಿಯ ಮಕ್ಕಳಂತೂ ಒಳಗೆ ಕೂರಲು ಸಾಲು ನಿಂತಿದ್ದವು.

ಓಡಿಸಿದಾಗ ಒಂದೊಂದೇ ತಕರಾರು ಶುರುವಾಯಿತು. ಮೊದಲು ಚಕ್ರ. ವೆಲ್ಡಿಂಗ್ ಅಂಗಡಿಯವರು ಚೌಕಟ್ಟಿನ ಪೈಪಿಗೆ ಉದ್ದ ಬೋಲ್ಟು ಬೆಸೆದು, ಅದನ್ನೇ ಚಕ್ರದ ನಡುವಿನ ಹಬ್ಬಿನೊಳಗೆ ತೂರಿಸಿ ಹೊರಗಿನಿಂದ ನಟ್ಟು ಬಿಗಿದಿದ್ದರು. ಅಂದರೆ ಚಕ್ರಕ್ಕೆ ಆಸರೆ ಒಂದೇ ಕಡೆ. ಮಾಲು ಹೇರಿ ಕೆಲವು ಹಂಪ್ಸ್ ದಾಟಿದ ಮೇಲೆ ಎರಡೂ ಚಕ್ರಗಳ ತಲೆ ಒಳಕ್ಕೆ ವಾಲಿ, ರಿಮ್ಮು ಪೆಟ್ಟಿಗೆಗೆ ಉಜ್ಜತೊಡಗಿತು. ಬಿಚ್ಚಿ ನೋಡಿದರೆ ಬೋಲ್ಟು ಬುಡದಲ್ಲಿ ಬಾಗಿದೆ.

ಇದು ಬೋಲ್ಟಿನ ದೋಷ ಅಲ್ಲ. ಸೈಕಲ್ಲಿನ ಮುಂದಿನ ಆಕ್ಸಲ್ ಸುಮಾರು 8 ಮಿ.ಮೀ. ದಪ್ಪ. ಆದರೂ ಅದು ಆಳೊಬ್ಬನ ಭಾರ ತಡೆಯುವುದು ಫೋರ್ಕಿನ ಎರಡು ಕಾಲು ಎರಡು ತುದಿಯನ್ನೂ ಹಿಡಿದಿರುವುದರಿಂದ. ಒಂದು ಕಾಲು ತೆಗೆದರೆ ಇಡೀ ಬಾಗುವ ಒತ್ತಡ ಬೋಲ್ಟಿನ ಬುಡಕ್ಕೆ ಬೀಳುತ್ತದೆ. ಗಾಲಿಕುರ್ಚಿಯ ಚಕ್ರ ಒಂದೇ ಕಡೆ ನಿಲ್ಲುತ್ತದಲ್ಲ ಅಂತ ಕೇಳಬಹುದು. ಅದರ ಹಬ್ಬೇ ಬೇರೆ, ಆಕ್ಸಲ್ಲೂ ಹೆಚ್ಚು ದಪ್ಪ.

ಇಲ್ಲಿ ಎರಡು ದಾರಿ ಇದ್ದವು. ಗಾಲಿಕುರ್ಚಿಯ ಚಕ್ರ ಕೊಂಡು ತರುವುದು, ಇಲ್ಲವೇ ಚಕ್ರದ ಆಚೆಗೂ ಒಂದು ಪೈಪು ಓಡಿಸಿ ಎರಡೂ ಕಡೆ ಆಸರೆ ಕೊಡುವುದು. ಮೊದಲನೆಯದು ನೋಟಕ್ಕೆ ಚೊಕ್ಕ, ಜೇಬಿಗೆ ಭಾರ. ಅದಲ್ಲದೆ ಮುಂದೆ ಒಂದು ಬೇರಿಂಗ್ ಹೋದರೆ ಬೀದಿಯ ಸೈಕಲ್ ಶಾಪಿನಲ್ಲಿ ಸಿಗುವುದಿಲ್ಲ. ಎರಡನೆಯದನ್ನೇ ಆರಿಸಿದರು. ಆದರೆ 26 ಇಂಚಿನ ಚಕ್ರಕ್ಕೆ ಆಚೆ ಪೈಪು ಹಾಕಿದರೆ ಗಾಡಿ ಮಂಚದಷ್ಟು ಉದ್ದ ಆಗುತ್ತದೆ. ಹಾಗಾಗಿ ಮಕ್ಕಳ ಸೈಕಲ್ಲಿನ 20 ಇಂಚಿನ ಚಕ್ರಕ್ಕೆ ಇಳಿಯಬೇಕಾಯಿತು.

ಲಲಿತಕ್ಕ ಮುಖ ಊದಿಸಿಕೊಂಡರು. "ಮಕ್ಕಳ ಚಕ್ರ ಹಾಕಿದ್ರೆ ಟಾಂಗಾ ಎಲ್ಲಿ ಬಂತು ಅಣ್ಣಾ?" ವೆಲ್ಡಿಂಗ್ ಅಂಗಡಿಯವರು ಸುಮ್ನೆ ಒಂದು ಹಳೇ ರಿಮ್ಮು ತಂದು, ಪಕ್ಕದಿಂದ ಕಾಲಿನಲ್ಲಿ ಒತ್ತಿ ತೋರಿಸಿದರು. ಸೈಕಲ್ ತಿರುವಿನಲ್ಲಿ ವಾಲುತ್ತದೆ, ಭಾರ ಕಡ್ಡಿಗಳ ಉದ್ದಕ್ಕೇ ಇಳಿಯುತ್ತದೆ. ಎರಡು ಚಕ್ರ ಪಕ್ಕಪಕ್ಕ ಇರುವ ಗಾಡಿ ವಾಲುವುದಿಲ್ಲ. ತಿರುವಿನ ತಳ್ಳಾಟವೆಲ್ಲ ಚಕ್ರಕ್ಕೆ ಅಡ್ಡಡ್ಡ ಬೀಳುತ್ತದೆ. ಕಡ್ಡಿ ಗಿಡ್ಡ ಇದ್ದಷ್ಟೂ ಚಕ್ರ ಗಟ್ಟಿ. ಆ ದಿನದಿಂದ ಟಾಂಗಾದ ಮಾತು ಕಡಿಮೆಯಾಯಿತು.

ನನ್ನ ಲೆಕ್ಕದಲ್ಲಿ ಈ ಗಾಡಿಯ ಅಂದ ಹುಟ್ಟಿದ್ದೇ ಆ ಒಪ್ಪಿಗೆಯಿಂದ. ಆಚೆ ಪೈಪಿಗೆ ಚೌಕ ಪೈಪಿನ ಬದಲು ದುಂಡು ಪೈಪು ತೆಗೆದುಕೊಂಡರು. ಅದನ್ನು ಬೆಂಡಿಂಗ್ ಮೆಷಿನ್ನಿಗೆ ಕೊಟ್ಟು, ಮುಂದಿನ ಮೂಲೆಯಿಂದ ಹೊರಟು ಚಕ್ರದ ಆಚೆ ಬಳಸಿ ಹಿಂದಿನ ಮೂಲೆಗೆ ಸೇರುವ ಒಂದೇ ಬಾಗು ಮಾಡಿದರು. ನಡುವೆ ಬೆಸುಗೆ ಇಲ್ಲ. ಇವತ್ತು ಗಾಡಿ ನೋಡಿದವರು ಮೊದಲು ಕೈ ಆಡಿಸುವುದು ಆ ಬಾಗಿನ ಮೇಲೆ. ಗೇಟಿನ ಕಂಬಕ್ಕೆ ತಾಗಿದರೆ ಪೆಟ್ಟು ತಿನ್ನುವುದೂ ಅದೇ.

ಗೇಟು ಹಾಕಿಕೊಟ್ಟ ಅಳತೆ

ಲಲಿತಕ್ಕನ ಮನೆಯ ಗೇಟು ಎರಡೂವರೆ ಅಡಿ, ಅಂದರೆ 76 ಸೆಂ.ಮೀ. ಮೊದಲ ಗಾಡಿಯ ಬೋಲ್ಟು ಬಾಗಿದ್ದೇ ಒಳ್ಳೆಯದಾಯಿತು ಅನ್ನಬೇಕು. ಅದು ಗೇಟಿನೊಳಗೆ ಹೋಗುತ್ತಿರಲಿಲ್ಲ, ರಾತ್ರಿ ಪೂರ್ತಿ ಬೀದಿಯಲ್ಲೇ ಇರುತ್ತಿತ್ತು. ಎರಡನೇ ಸಲ ಲೆಕ್ಕ ಹೊರಗಿನಿಂದ ಒಳಕ್ಕೆ ಹೊರಟಿತು. ಹಬ್ಬಿಗೆ ಒಂದೊಂದು ಕಡೆ 10 ಸೆಂ.ಮೀ. ಜಾಗ. ಒಳ ಪೈಪು, ಆಚೆ ಪೈಪು ತಲಾ ಎರಡೂವರೆ. ನಟ್ಟಿನ ತಲೆಗೆ ಒಂದೊಂದು ಕಡೆ 2. ಎಲ್ಲ ಕಳೆದು ಗೇಟಿಗೆ ಅಲುಗಾಟ ಬಿಟ್ಟರೆ ಪೆಟ್ಟಿಗೆಗೆ ಉಳಿದದ್ದು 38 ಸೆಂ.ಮೀ. ಅಗಲ. ಉದ್ದ 80, ಎತ್ತರ 38. ಕಡಿಮೆ ಅನ್ನಿಸಿತು. ಆದರೆ ಡಬ್ಬ ಇಟ್ಟು ನೋಡಿದರೆ ಎರಡು ಸಾಲು ಪಕ್ಕಪಕ್ಕ ಕೂತವು. ಸಾಕು.

ಎರಡೂ ಕಡೆ ಆಸರೆ ಕೊಟ್ಟಿದ್ದರಿಂದ ಇನ್ನೊಂದು ಅನುಕೂಲ ಸಿಕ್ಕಿತು, ಅದನ್ನು ಯಾರೂ ಮೊದಲೇ ಯೋಚಿಸಿರಲಿಲ್ಲ. ಪ್ರತಿ ಚಕ್ರಕ್ಕೂ ಅದರದೇ ಗಿಡ್ಡ ಆಕ್ಸಲ್. ಪೆಟ್ಟಿಗೆಯ ಅಡಿಯಲ್ಲಿ ಈ ಕಡೆಯಿಂದ ಆ ಕಡೆಗೆ ಸರಳು ಹಾಯುವುದಿಲ್ಲ. ಹಾಗಾಗಿ ಪೆಟ್ಟಿಗೆಯನ್ನು ಎರಡು ಒಳ ಪೈಪುಗಳ ನಡುವೆ ಇಳಿಬಿಟ್ಟು, ತಳವನ್ನು ಆಕ್ಸಲ್ಲಿಗಿಂತ ಕೆಳಗೆ, ನೆಲದಿಂದ 20 ಸೆಂ.ಮೀ. ಎತ್ತರಕ್ಕೆ ತಂದರು. ಇನ್ನೂ ಇಳಿಸಬಹುದಿತ್ತು. ನಮ್ಮ ಹಂಪ್ಸ್ ಎತ್ತರ ನೆನೆದು ಅಲ್ಲಿಗೇ ನಿಲ್ಲಿಸಿದರು. ಭಾರ ಕೆಳಗಿದ್ದಷ್ಟೂ ಗಾಡಿ ಮಗುಚುವುದು ಕಷ್ಟ.

ಕಮಾನು ಚಾವಣಿ ಹೋಯಿತು. ಕೆರೆ ಬದಿಯ ಬಯಲು ರಸ್ತೆಯಲ್ಲಿ ಅಡ್ಡಗಾಳಿ ಬಂದಾಗ ಅದು ಗಾಡಿಯನ್ನೇ ಎಳೆಯುತ್ತಿತ್ತು. ಬದಲಿಗೆ ಹಿಂದಕ್ಕೆ ಇಳಿಜಾರಾದ ಮುಚ್ಚಳ ಬಂತು, ಮಳೆ ನೀರು ನಿಲ್ಲುವುದಿಲ್ಲ. 12 ಮಿ.ಮೀ. ಪ್ಲೈ ಹೋಗಿ ಪಕ್ಕಗಳಿಗೆ 6, ತಳಕ್ಕೆ 9 ಮಿ.ಮೀ. ಮರೀನ್ ಪ್ಲೈ ಬಂತು. ಕೊಳ್ಳುವಾಗ ಮರೀನ್ ಪ್ಲೈಗೆ ಇರುವ ಐಎಸ್ 710 ಅನ್ನುವ ಗುಣಮಟ್ಟದ ಮುದ್ರೆ ನೋಡಿ ತಂದರು. ಪೆಟ್ಟಿಗೆಯ ತೂಕ 12 ಕೆಜಿಯಿಂದ 7ರ ಒಳಗೆ ಬಂತು. ಖಾಲಿ ಗಾಡಿ ಒಟ್ಟು 16 ಕೆಜಿ.

ಸಿಕ್ಕಿಸುವ ಜಾಗ

ಇಡೀ ಕೆಲಸದಲ್ಲಿ ಜಾಸ್ತಿ ಹೊತ್ತು ತಿಂದದ್ದು, ಜಾಸ್ತಿ ಜಗಳ ತಂದದ್ದು ಗಾಡಿ ಸೈಕಲ್ಲಿಗೆ ಸೇರುವ ಜಾಗ.

ಕ್ಯಾರಿಯರಿಗೆ ಸಿಕ್ಕಿಸಿದ್ದಾಗ ಎರಡು ತೊಂದರೆ ಇದ್ದವು. ಇಳಿಜಾರಿನಲ್ಲಿ ಬ್ರೇಕು ಹಿಡಿದರೆ ಗಾಡಿ ಹಿಂದಿನಿಂದ ತಳ್ಳುತ್ತದೆ. ಆ ತಳ್ಳು ಎತ್ತರದಲ್ಲಿ, ಸೀಟಿನ ಕೆಳಗೆ ಬಂದಾಗ ಹಿಂದಿನ ಚಕ್ರ ಪಕ್ಕಕ್ಕೆ ಜಾರುತ್ತದೆ. ತಿರುವಿನಲ್ಲಂತೂ ಎದೆ ಧಸಕ್ ಅನ್ನುತ್ತದೆ. ಇನ್ನೊಂದು, ಹಿಂಜಸ್ ಒಂದೇ ದಿಕ್ಕಿಗೆ ಆಡುತ್ತದೆ. ಗಾಡಿಗೆ ಮೂರು ಥರ ಆಟ ಬೇಕು: ತಿರುಗಲು ಎಡ–ಬಲ, ಹಂಪ್ಸ್ ಹತ್ತಲು ಮೇಲೆ–ಕೆಳಗೆ, ಸೈಕಲ್ ವಾಲಿದಾಗ ಗಾಡಿ ನೆಟ್ಟಗೆ ನಿಲ್ಲಲು ತಿರುಚು. ಕೊನೆಯದನ್ನು ಎಲ್ಲರೂ ಮರೆಯುತ್ತಾರೆ. ಲಲಿತಕ್ಕ ಅಂಗಡಿ ಮುಂದೆ ಕಾಲೂರಿ ಸೈಕಲ್ ವಾಲಿಸಿದ ತಕ್ಷಣ ಗಾಡಿಯ ಒಂದು ಚಕ್ರ ನೆಲ ಬಿಟ್ಟು ಏಳುತ್ತಿತ್ತು.

ಹೊಸ ಜಾಗ ಹಿಂದಿನ ಆಕ್ಸಲ್ಲಿನ ಎಡ ತುದಿ. ಬಲಗಡೆ ಚೈನು ಇದೆ. 3 ಮಿ.ಮೀ. ಕಬ್ಬಿಣದ ಪಟ್ಟಿಗೆ ತೂತು ಕೊರೆದು ಆಕ್ಸಲ್ಲಿಗೆ ತೊಡಿಸಿ ನಟ್ಟು ಹಾಕಿದರು. ಹಾಕಿದ ಮೇಲೆ ಗೊತ್ತಾಯಿತು, ನಟ್ಟಿಗೆ ಹಿಡಿತ ಸಾಲದು. ನಮ್ಮ ಹಳೇ ಸೈಕಲ್ಲುಗಳಲ್ಲಿ ಕ್ಯಾರಿಯರ್ ಕಾಲು, ಮಡ್‌ಗಾರ್ಡ್ ಕಡ್ಡಿ, ಸ್ಟ್ಯಾಂಡ್ ಎಲ್ಲ ಅದೇ ಆಕ್ಸಲ್ಲಿಗೆ ಬಂದು ಕೂರುತ್ತವೆ. ಇನ್ನೊಂದು ಪಟ್ಟಿ ಸೇರಿದರೆ ನಟ್ಟು ಕಚ್ಚಿಕೊಳ್ಳಲು ಮರೆ (ಆಕ್ಸಲ್ಲಿನ ಮೇಲಿನ ಸುರುಳಿ ಗೆರೆ) ಉಳಿಯುವುದಿಲ್ಲ. ಅರ್ಧ ನಟ್ಟಿನ ಹಿಡಿತಕ್ಕೆ 46 ಕೆಜಿ ಗಾಡಿ ಕಟ್ಟುವುದು ಬೇಡ ಅಂತ ಸೈಕಲ್ ಶಾಪಿನವರು ಖಡಾಖಂಡಿತ ಹೇಳಿ ಉದ್ದ ಆಕ್ಸಲ್ ಹಾಕಿಕೊಟ್ಟರು. ಸೈಡ್ ಸ್ಟ್ಯಾಂಡ್ ಎಡಗಡೆ ಅಡ್ಡ ಬರುತ್ತಿತ್ತು. ಅದನ್ನು ತೆಗೆದು ಡಬಲ್ ಸ್ಟ್ಯಾಂಡ್ ಹಾಕಿದರು.

ಮೂರು ಥರ ಆಟಕ್ಕೆ ಏನು ಮಾಡುವುದು? ಬಾಕ್ಸ್ ಸ್ಪ್ಯಾನರ್ ಸೆಟ್ಟಿನ ಯೂನಿವರ್ಸಲ್ ಜಾಯಿಂಟ್ ಹಾಕಿ ನೋಡಿದರು. ಎಡ–ಬಲ, ಮೇಲೆ–ಕೆಳಗೆ ಚೆನ್ನಾಗಿ ಆಡಿತು, ತಿರುಚಿಗೆ ಒಪ್ಪಲಿಲ್ಲ. ಕೊನೆಗೆ ಗೆದ್ದದ್ದು ಒಂದು ತುಂಡು ಹೈಡ್ರಾಲಿಕ್ ಹೋಸ್ ಪೈಪು, ಒಳಗೆ ತಂತಿ ಬಲೆ ಇರುವ ದಪ್ಪ ರಬ್ಬರ್. ಒಂದು ತುದಿ ಮೂಕಿಗೆ, ಇನ್ನೊಂದು ತುದಿ ಆಕ್ಸಲ್ ಪಟ್ಟಿಗೆ, ಎರಡೂ ಕಡೆ ಅಡ್ಡ ಬೋಲ್ಟು. ಎಲ್ಲಾ ಕಡೆ ಬಾಗುತ್ತದೆ, ಗಲಗಲ ಸದ್ದಿಲ್ಲ. ರಬ್ಬರು ಒಂದು ದಿನ ಬಿರುಕು ಬಿಡುವುದು ಖಂಡಿತ. ಅದಕ್ಕೆ ಅದರ ಪಕ್ಕದಲ್ಲೇ ದಪ್ಪ ನೈಲಾನ್ ಪಟ್ಟಿ ಸಡಿಲವಾಗಿ ಸುತ್ತಿ ಚೌಕಟ್ಟಿಗೆ ಕಟ್ಟಿದ್ದಾರೆ. ಪೈಪು ಹರಿದರೂ ಗಾಡಿ ಬಿಟ್ಟು ಹೋಗಬಾರದು. ಈ ಪಟ್ಟಿ ಇಲ್ಲದ ಟ್ರೇಲರ್ ಎಷ್ಟೇ ಚೆಂದ ಇರಲಿ, ರಸ್ತೆಗೆ ತರಬೇಡಿ.

ಈ ಜಾಯಿಂಟಿನ ಪರೀಕ್ಷೆ ತಾನಾಗಿಯೇ ಆಯಿತು. ತಿರುವಿನಲ್ಲಿ ಟ್ರೇಲರ್ ಸೈಕಲ್ ಹೋದ ದಾರಿಯಲ್ಲೇ ಬರುವುದಿಲ್ಲ, ಒಳಗಡೆಗೆ ಕತ್ತರಿಸಿಕೊಂಡು ಬರುತ್ತದೆ. ಒಂದು ಎಡ ತಿರುವಿನಲ್ಲಿ ಗಾಡಿಯ ಎಡ ಚಕ್ರ ಫುಟ್‌ಪಾತಿನ ಕಲ್ಲು ಹತ್ತಿತು. ಗಾಡಿ ಪೂರಾ ಮಗುಚಿತು, ಕೋಡುಬಳೆ ರಸ್ತೆಗೆ. ಆದರೆ ಸೈಕಲ್ ಬೀಳಲಿಲ್ಲ, ಲಲಿತಕ್ಕನೂ ಬೀಳಲಿಲ್ಲ. ರಬ್ಬರು ತಿರುಚಿಕೊಂಡು ನಿಂತಿತ್ತು, ಅಷ್ಟೇ. ಹಳೇ ಹಿಂಜಸ್ ಇದ್ದಿದ್ದರೆ ಗಾಡಿಯ ಜೊತೆ ಅವರೂ ರಸ್ತೆಗೆ ಬೀಳುತ್ತಿದ್ದರು.

ಹಿಂಭಾರ

ಮೊದಲ ಗಾಡಿಯಲ್ಲಿ ಆಕ್ಸಲ್ ಪೆಟ್ಟಿಗೆಯ ನಡುವಿಗೇ ಇತ್ತು ಅಂದೆನಲ್ಲ, ಎರಡನೆಯದರಲ್ಲೂ ಹಾಗೇ ಇತ್ತು. ಕಾಗದದ ಮೇಲೆ ಅದೇ ಸರಿ ಅನ್ನಿಸುತ್ತದೆ. ಆದರೆ ಡಬ್ಬಗಳನ್ನು ಹಿಂದಿನಿಂದ ತುಂಬುತ್ತಾ, ಮೊದಲ ಅಂಗಡಿಯ ಮಾಲು ಮುಂದಿನಿಂದ ಖಾಲಿಯಾಗುತ್ತಾ ಹೋದರೆ ಭಾರ ಹಿಂದಕ್ಕೆ ಸರಿಯುತ್ತದೆ. ಸ್ವಲ್ಪ ಇಳಿಜಾರು ಸಿಕ್ಕಿ ವೇಗ ಬಂದರೆ ಗಾಡಿ ಬಾಲ ಅಲ್ಲಾಡಿಸಲು ಶುರು. ಅಲ್ಲಾಟ ತಾನಾಗಿ ನಿಲ್ಲುವುದೂ ಇಲ್ಲ, ಹೆಚ್ಚುತ್ತಾ ಹೋಗುತ್ತದೆ. ಜಾಯಿಂಟು ಸಡಿಲ, ಟೈರು ಸರಿಯಿಲ್ಲ, ಚಕ್ರ ಓರೆ ಅಂತ ಎಲ್ಲರೂ ಒಂದೊಂದು ಹೇಳಿದರು.

ಬಗೆಹರಿಸಿದವರು ಬಡಗಿಯ ತಂದೆ, ಹಿಂದೆ ಹಳ್ಳಿಯಲ್ಲಿ ಎತ್ತಿನಗಾಡಿ ಹೊಡೆದವರು. ಗಾಡಿಗೆ ಮಾಲು ತುಂಬಿಸಿ, ಸೈಕಲ್ಲಿನಿಂದ ಬಿಚ್ಚಿಸಿ, ಮೂಕಿಯನ್ನು ಒಂದೇ ಕೈಯಲ್ಲಿ ಎತ್ತಿದರು. ಅದು ಎತ್ತುವ ಮೊದಲೇ ಎದ್ದಿತು. "ಹಿಂಭಾರ ಜಾಸ್ತಿ ಆಯ್ತು ಕಣವ್ವಾ, ಮೂಕಿ ಎದ್ಬುಡ್ತದೆ" ಅಂದರು. ಎತ್ತಿನಗಾಡಿಯಲ್ಲಿ ಹಿಂಭಾರವಾದರೆ ನೊಗ ಮೇಲೆದ್ದು ಎತ್ತಿನ ಕೊರಳಿಗೆ ಬರುತ್ತದೆ, ಮುಂಭಾರವಾದರೆ ಹೆಗಲು ನೋಯುತ್ತದೆ. ಟಾಂಗಾದವರು ಸವಾರಿಗಳನ್ನು ಮುಂದೆ ಹಿಂದೆ ಸರಿಸಿ ಕೂರಿಸುತ್ತಿದ್ದುದೂ ಇದಕ್ಕೇ. ಲಲಿತಕ್ಕ ಟಾಂಗಾದಿಂದ ಕಮಾನು, ಹಿತ್ತಾಳೆ ಎಲ್ಲ ತಂದಿದ್ದರು. ತರಬೇಕಾದ್ದು ಇದೊಂದು ಬಿಟ್ಟುಹೋಗಿತ್ತು.

ಕೈ ಅಂದಾಜಿಗೆ ಅಂಕಿ ಬೇಕಿತ್ತು. ಹಳೇ ಪೇಪರ್ ಅಂಗಡಿಯಿಂದ ಸ್ಪ್ರಿಂಗ್ ತಕ್ಕಡಿ ತಂದು ಮೂಕಿಯ ತುದಿಗೆ ಕೊಕ್ಕೆ ಹಾಕಿ ತೂಗಿದೆವು. ತುಂಬಿದ ಗಾಡಿಯ ಒಟ್ಟು ತೂಕದ ಹತ್ತನೇ ಒಂದು ಪಾಲಿನಷ್ಟು ಮೂಕಿಯಲ್ಲಿ ಕೆಳಮುಖವಾಗಿ ಇದ್ದರೆ ಗಾಡಿ ನೆಟ್ಟಗೆ ಬರುತ್ತದೆ. ನಮ್ಮ 46 ಕೆಜಿಗೆ 4 ಕೆಜಿ ಚಿಲ್ಲರೆ. ಆಕ್ಸಲ್ಲಿನಿಂದ ಜಾಯಿಂಟಿಗೆ 100 ಸೆಂ.ಮೀ. ದೂರ. ಲೆಕ್ಕ ಹಾಕಿದರೆ ಪೆಟ್ಟಿಗೆಯ ನಡು ಆಕ್ಸಲ್ಲಿಗಿಂತ ಸುಮಾರು 9 ಸೆಂ.ಮೀ. ಮುಂದೆ ಬರಬೇಕು.

ವೆಲ್ಡಿಂಗ್ ಅಂಗಡಿಯವರು ಚಕ್ರದ ಆಸರೆ ಕತ್ತರಿಸಿ ಹಿಂದಕ್ಕೆ ಬೆಸೆಯಲು ಸಿದ್ಧರಾದರು. ಬಡಗಿ ತಡೆದರು. ಚಕ್ರ ಯಾಕೆ ಸರಿಸಬೇಕು, ಪೆಟ್ಟಿಗೆ ಸರಿಸಿದರೆ ಆಗದೇ? ಪೆಟ್ಟಿಗೆ ಬೋಲ್ಟಿನಲ್ಲಿ ಕೂತಿತ್ತು. ಹೊಸ ತೂತು ಕೊರೆದು ಮುಂದಕ್ಕೆ ತಳ್ಳಿ ಬಿಗಿದರು. ಬಾಗಿದ ಪೈಪಿಗೆ ಕತ್ತರಿ ಬೀಳಲಿಲ್ಲ. ಹಿಂದೆ ಖಾಲಿ ಉಳಿದ ಪಟ್ಟಿಯಷ್ಟು ಜಾಗಕ್ಕೆ ಕೆಂಪು ದೀಪ, ರಿಫ್ಲೆಕ್ಟರ್ ಬಂದವು. ಭಾರದ ಡಬ್ಬ ಮುಂದೆ, ಚಟ್ನಿಪುಡಿ ಹಿಂದೆ ಅನ್ನುವುದು ಈಗ ಮನೆಯ ಕಾನೂನು.

ಚಕ್ಕುಲಿ

ಗಾಡಿ ನೆಟ್ಟಗೆ ಓಡಿತು. ಚಕ್ಕುಲಿ ಪುಡಿಯಾಯಿತು. ಅಂಗಡಿಯವರು ಡಬ್ಬ ತೆಗೆದು ಮುಖ ಕಿವುಚಿದರು. ಸೈಕಲ್ಲಿನ ಕ್ಯಾರಿಯರ್ ಮೇಲೆ ಇಷ್ಟು ಮುರಿಯುತ್ತಿರಲಿಲ್ಲ. ಕಾರಣ ಸರಳ. ಸಣ್ಣ ಚಕ್ರ ಗುಂಡಿಯೊಳಗೆ ಪೂರ್ತಿ ಇಳಿಯುತ್ತದೆ, ಗಾಡಿಗೆ ಸ್ಪ್ರಿಂಗ್ ಇಲ್ಲ, ಟೈರಿಗೆ ಗಾಳಿ ಕಲ್ಲಿನಂತೆ ತುಂಬಿತ್ತು. ಮಾಲು ಕಡಿಮೆ ಆದಷ್ಟೂ ಗಾಡಿ ಹೆಚ್ಚು ಕುಣಿಯುತ್ತದೆ. ಹಾಗಾಗಿ ಕೊನೆಯ ಅಂಗಡಿಯ ಡಬ್ಬಕ್ಕೇ ಜಾಸ್ತಿ ಏಟು.

ಸ್ಕೂಟರಿನ ಹಳೇ ಸ್ಪ್ರಿಂಗ್ ಹಾಕೋಣ ಅಂತ ಒಬ್ಬರು ತಂದರು. ಅದು ಇಬ್ಬರು ಕೂರುವ ಭಾರಕ್ಕೆ ಮಾಡಿದ್ದು, 30 ಕೆಜಿಗೆ ಅಲುಗಲೇ ಇಲ್ಲ. ಫೋಮ್ ಹಾಸಿದರೆ ಸದ್ದು ನಿಂತಿತು, ಮುರಿಯುವುದು ನಿಲ್ಲಲಿಲ್ಲ. ಆಮೇಲೆ ಗಾಳಿಯನ್ನು ಅರ್ಧದಷ್ಟು ಇಳಿಸಿದರು. ದುಡ್ಡಿಲ್ಲದ ಉಪಾಯ, ಆದರೆ ಅರ್ಧ ಕುಣಿತ ಅದರಿಂದಲೇ ಹೋಯಿತು. ಉಳಿದದ್ದಕ್ಕೆ ಬಡಗಿ ಪೆಟ್ಟಿಗೆಯ ತಳದಿಂದ ನಾಲ್ಕು ಬೆರಳು ಮೇಲೆ ಮರದ ಚೌಕಟ್ಟು ಕೂರಿಸಿ, ಸೈಕಲ್ಲಿನ ಹಳೇ ಟ್ಯೂಬನ್ನು ಪಟ್ಟಿ ಪಟ್ಟಿಯಾಗಿ ಸೀಳಿ ನವಾರದ ಮಂಚದಂತೆ ಹೆಣೆದರು. ಡಬ್ಬಗಳು ಈಗ ಅದರ ಮೇಲೆ ಕೂರುತ್ತವೆ.

ಇಷ್ಟಾದರೂ ಚಕ್ಕುಲಿ ಅಲ್ಲಲ್ಲಿ ಮುರಿಯುತ್ತಿತ್ತು. ಆಗ ಲಲಿತಕ್ಕನೇ ಒಂದು ಕೆಲಸ ಮಾಡಿದರು. ಒಂದು ಡಬ್ಬ ಕಂಠಮಟ್ಟ ತುಂಬಿ ಮೇಲೆ ಪೇಪರ್ ಉಂಡೆ ಒತ್ತಿದರು, ಇನ್ನೊಂದನ್ನು ಮಾಮೂಲಿನಂತೆ ಮೇಲೆ ಜಾಗ ಬಿಟ್ಟು ಮುಚ್ಚಿದರು. ಎರಡೂ ಒಂದೇ ಸುತ್ತು ಹೋಗಿ ಬಂದವು. ಒತ್ತಿ ತುಂಬಿದ್ದು ಹೆಚ್ಚುಕಡಿಮೆ ಇಡೀ ಉಳಿದಿತ್ತು. ಸಡಿಲ ಡಬ್ಬದ ಚಕ್ಕುಲಿ ಒಂದಕ್ಕೊಂದು ಬಡಿದುಕೊಂಡೇ ಮುರಿದಿದ್ದವು. ನಾವು ಗಾಡಿಯನ್ನೇ ಬೈಯುತ್ತಾ ಕೂತಿದ್ದೆವು.

ಬ್ರೇಕು, ಬಣ್ಣ

ಟ್ರೇಲರಿಗೆ ಸ್ವಂತ ಬ್ರೇಕಿಲ್ಲ. ಸೈಕಲ್ಲಿನ ಕ್ರೋಮ್ ರಿಮ್ಮಿಗೆ ಮಳೆಯಲ್ಲಿ ಹಿಡಿತ ಕಡಿಮೆ. ಮುಂದಿನ ಚಕ್ರಕ್ಕೆ ಅಲ್ಯೂಮಿನಿಯಂ ರಿಮ್ಮು, ಕೇಬಲ್ ಬ್ರೇಕು ಹಾಕಿಸಿದರು. ಹಿಂದಿನ ಚಕ್ರದಲ್ಲಿ ಚೈನು ಕೂರುವ 18 ಹಲ್ಲಿನ ಫ್ರೀವೀಲ್ ತೆಗೆದು 22ರದ್ದು ಹಾಕಿದ್ದರಿಂದ ಏರು ಹಗುರವಾಯಿತು. ವೇಗ ಸುಮಾರು ಐದರಲ್ಲಿ ಒಂದು ಪಾಲು ಇಳಿಯಿತು, ಅದೂ ಒಳ್ಳೆಯದೇ. ಬೆಟ್ಟದ ಕಡೆಯ ಇಳಿಜಾರಿನ ಅಂಗಡಿಗಳಿಗೆ ಮಾತ್ರ ಇವತ್ತಿಗೂ ಗಾಡಿ ಹೋಗುವುದಿಲ್ಲ.

ಬಣ್ಣದಲ್ಲಿ ಎರಡು ಜಾಗ ಎಚ್ಚರ ಬೇಕು. ಬೆಸುಗೆ ಉಜ್ಜಿದ ದಿನವೇ ರೆಡ್ ಆಕ್ಸೈಡ್ ಬಳಿಯಬೇಕು, ಮರುದಿನಕ್ಕೆ ತುಕ್ಕು ಕೂತಿರುತ್ತದೆ. ಪ್ಲೈವುಡ್ ನೀರು ಕುಡಿಯುವುದು ಮುಖದಿಂದಲ್ಲ, ಅಂಚಿನಿಂದ. ಅಂಚಿಗೆ ಮತ್ತೆ ಮತ್ತೆ ವಾರ್ನಿಷ್ ಕುಡಿಸಬೇಕು. ಅಕ್ಷರ ಕೈಯಲ್ಲೇ ಬರೆಸಿದರು, ಸ್ಟಿಕ್ಕರ್ ಬೇಡ ಅಂದರು. ಹಿತ್ತಾಳೆಯ ಆಸೆಗೆ ಎರಡು ಮೂಲೆಪಟ್ಟಿ ಉಳಿದವು. ಮುಚ್ಚಳದ ಹಿಡಿ ಚನ್ನಪಟ್ಟಣದ್ದು, ಆಲೆ ಮರದಲ್ಲಿ ಕಡೆದು ಅರಗು ಹಾಕಿದ್ದು. ಬಿಸಿಲಿಗೆ ಅದರ ಹೊಳಪು ಎಷ್ಟು ದಿನವೋ ಅಂತ ನಾನು ಗೊಣಗಿದೆ. ಮಸುಕಾದರೆ ಇನ್ನೊಂದು ತಂದರಾಯಿತು ಅಂದರು ಲಲಿತಕ್ಕ.

ಈಗ

ಆಟೋ ಪೂರ್ತಿ ನಿಂತಿಲ್ಲ. ಹಬ್ಬದ ವಾರ ಮಾಲು ಹೆಚ್ಚಾದಾಗ ಕರೆಯುತ್ತಾರೆ. ಉಳಿದಂತೆ ಗಾಡಿಯೇ. ಹೋಸ್ ಪೈಪನ್ನು ತಿಂಗಳಿಗೊಮ್ಮೆ ಬಗ್ಗಿಸಿ ಬಿರುಕು ನೋಡುತ್ತಾರೆ.

ಇದನ್ನು ನೋಡಿ ಒಬ್ಬ ಹೂವಿನ ವ್ಯಾಪಾರಿ ತಮಗೂ ಇಂಥದ್ದೇ ಬೇಕು ಅಂತ ಬಂದರು. ಅವರ ಮಾಲು ಹಗುರ, ಆದರೆ ಜಾಗ ಜಾಸ್ತಿ ಬೇಡುತ್ತದೆ. ಒದ್ದೆ ಗೋಣಿ, ಬುಟ್ಟಿ, ನೀರು. ಅಲ್ಲಾಟಕ್ಕೆ ಹೂ ಮುರಿಯುವುದಿಲ್ಲ, ಬಿಸಿಲಿಗೆ ಬಾಡುತ್ತದೆ. ಹಾಗಾಗಿ ಟ್ಯೂಬಿನ ಹೆಣಿಗೆ ಬೇಕಿಲ್ಲ, ಪ್ಲೈ ಪೆಟ್ಟಿಗೆಯೂ ಬೇಕಿಲ್ಲ. ಬೆತ್ತದ ಪಕ್ಕ, ಗಾಳಿ ಆಡುವ ತಳ ಸಾಕು. ಈ ಸಲ ವೆಲ್ಡಿಂಗ್ ಅಂಗಡಿಯವರು ಗಾಡಿಯ ಚಿತ್ರ ನೋಡುವ ಮೊದಲೇ ಅವರನ್ನು ಕೇಳಿದ್ದು ಮೂರು ಪ್ರಶ್ನೆ: ಮನೆ ಗೇಟು ಎಷ್ಟು ಅಗಲ, ಸೈಕಲ್ಲಿನ ಹಿಂದಿನ ಆಕ್ಸಲ್ಲಿಗೆ ಇನ್ನೆಷ್ಟು ಮರೆ ಉಳಿದಿದೆ, ಭಾರದ ಬುಟ್ಟಿ ಯಾವ ಕಡೆ ಇಡುತ್ತೀರಿ. ಗೇಟು ಮೂರು ಅಡಿ ಇದೆಯಂತೆ. ಪೆಟ್ಟಿಗೆಗೆ ಇನ್ನೂ ಅರ್ಧ ಅಡಿ ಅಗಲ ಸಿಗುತ್ತದೆ.